ಮೀನಿರುವ ಮಡುವಿನ ವಿಳಾಸ

ಅಮೆರಿಕದ ಟ್ರೌಟ್ ಗಾಳದವರ ನಡುವೆ ಹಳೆಯ ಜಗಳವೊಂದಿದೆ. ಮೊಬೈಲು ಬಂದ ಮೇಲೆ ಅದರ ಕಾವು ಏರಿದೆ. ಒಳ್ಳೆಯ ಮೀನು ಸಿಕ್ಕ ಜಾಗವನ್ನು ಜಾಲತಾಣದಲ್ಲಿ ಹೇಳಬಹುದೇ, ಬಾರದೇ? ಹೇಳಿದವನನ್ನು ಜಾಗ ಸುಟ್ಟವನು ಎಂದು ಬೈಯುತ್ತಾರೆ. ಬಾಯಿ ಬಿಡದವನನ್ನು ಸ್ವಾರ್ಥಿ ಎನ್ನುತ್ತಾರೆ. ಎರಡು ಕಡೆಯವರಿಗೂ ಹೊಳೆಯ ಮೇಲೆ ಪ್ರೀತಿ ಇದೆ, ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ಆದರೂ ನಾನು ಪಕ್ಷ ಹಿಡಿದೇ ಬರೆಯುತ್ತಿದ್ದೇನೆ. ನದಿಯ ಹೆಸರನ್ನು ಧಾರಾಳವಾಗಿ ಹೇಳಿ, ಮಡುವಿನ ವಿಳಾಸ ಮಾತ್ರ ಕೊಡಬೇಡಿ ಎಂಬುದು ನನ್ನ ಪಕ್ಷ.

ಈ ಜಗಳ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ವಿಸ್ಕಾನ್ಸಿನ್ ರಾಜ್ಯದ ನೈರುತ್ಯ ಭಾಗದಲ್ಲಿ. ಪಕ್ಕದ ಮಿನ್ನೆಸೋಟ, ಅಯೋವ, ಇಲಿನಾಯ್ ರಾಜ್ಯಗಳ ಅಂಚನ್ನೂ ಸೇರಿಸಿ ಆ ಪ್ರದೇಶವನ್ನು ಡ್ರಿಫ್ಟ್‌ಲೆಸ್ ಸೀಮೆ ಎನ್ನುತ್ತಾರೆ. ಹಿಮಯುಗದ ಹಿಮನದಿಗಳು ಸುತ್ತಲಿನ ನೆಲವನ್ನು ತೀಡಿ ಚಪ್ಪಟೆ ಮಾಡಿದವು, ಈ ತುಣುಕನ್ನು ಮಾತ್ರ ಬಿಟ್ಟುಹೋದವು. ಅದರಿಂದ ಇಲ್ಲಿ ಕಡಿದಾದ ಗುಡ್ಡಗಳು ಉಳಿದಿವೆ, ಕಣಿವೆಗಳು ಉಳಿದಿವೆ, ಸುಣ್ಣಕಲ್ಲಿನ ಬಂಡೆಗಳ ಬುಡದಲ್ಲಿ ಒರತೆಗಳು ಜಿನುಗುತ್ತವೆ. ಒರತೆಯ ನೀರು ಮೇ ತಿಂಗಳಲ್ಲೂ ಜನವರಿಯಲ್ಲೂ ಹೆಚ್ಚುಕಡಿಮೆ ಒಂದೇ ತಂಪು, ಹತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಊರೆಲ್ಲ ಹಿಮ ಕಟ್ಟಿದಾಗಲೂ ಒರತೆಯ ಹತ್ತಿರದ ತೊರೆ ಹೆಪ್ಪುಗಟ್ಟುವುದಿಲ್ಲ. ಟ್ರೌಟಿಗೆ ಬೇಕಾದದ್ದು ಇದೇ ನೀರು.

ಟ್ರೌಟ್ ಸಾಲ್ಮನ್ ಬಳಗದ ಮೀನು. ಮೈಮೇಲೆ ಚುಕ್ಕೆ ಇರುವ ಚೆಲುವಾದ ಮೀನು. ನಮ್ಮ ದೇಶದಲ್ಲೂ ಕಾಶ್ಮೀರದ ಲಿಡ್ಡರ್ ಹೊಳೆಯಲ್ಲಿ, ಹಿಮಾಚಲದ ತೀರ್ಥನ್ ಕಣಿವೆಯಲ್ಲಿ, ನೀಲಗಿರಿಯ ಅವಲಾಂಚಿಯಲ್ಲಿ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಟ್ರೌಟಿನ ಸಂತತಿ ಇದೆ. ತಣ್ಣಗಿನ, ಹರಿಯುವ, ಆಮ್ಲಜನಕ ತುಂಬಿದ ನೀರು ಇದ್ದರೆ ಮಾತ್ರ ಅದು ಬದುಕುತ್ತದೆ. ನೀರಿನ ಬಿಸಿ ಇಪ್ಪತ್ತು ಡಿಗ್ರಿ ದಾಟಿತೆಂದರೆ ಬಳಲುತ್ತದೆ, ಇಪ್ಪತ್ತೈದರ ಹೊತ್ತಿಗೆ ಸಾಯಲು ಶುರುವಾಗುತ್ತದೆ. ಅದು ಇರುವ ಜಾಗಗಳು ಬೆರಳೆಣಿಕೆಯವು, ಚಿಕ್ಕವು. ಈ ಜಗಳದ ಬೇರು ಅಲ್ಲೇ ಇದೆ.

ಡ್ರಿಫ್ಟ್‌ಲೆಸ್ ಸೀಮೆಯ ಒಂದು ಸಣ್ಣ ತೊರೆಯನ್ನು ಹತ್ತಿರದಿಂದ ನೋಡೋಣ. ಅಗಲ ಎರಡು ಮಾರು ಇದ್ದೀತು. ಇಕ್ಕೆಲದಲ್ಲಿ ಹುಲ್ಲುಗಾವಲು, ಹಸುಗಳು ಮೇಯುತ್ತವೆ. ತಿರುವಿನಲ್ಲಿ ನೀರು ದಡದ ಬುಡವನ್ನು ಕೊರೆದು ಪೊಟರೆ ಮಾಡಿದೆ. ಹುಲ್ಲಿನ ಹೆಂಟೆ ಅದರ ಮೇಲೆ ಸೂರಿನಂತೆ ಬಾಗಿದೆ. ಆ ಪೊಟರೆಯ ನೆರಳಿನಲ್ಲಿ ಮೊಳದುದ್ದದ ಕಂದು ಟ್ರೌಟ್ ಒಂದು ಮೂತಿಯನ್ನು ಹರಿವಿಗೆ ಎದುರಾಗಿ ಇಟ್ಟು ನಿಂತಿರುತ್ತದೆ. ತೇಲಿ ಬರುವ ಹುಳುವನ್ನು ಬಾಯಿಗೆ ಹಾಕಿಕೊಳ್ಳಲು ಅದು ಗೇಣು ಸರಿದರೆ ಸಾಕು, ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಅಂಥ ಮೀನಿಗೆ ಅಂಥ ಜಾಗ ಒಂದು ಮೈಲಿ ತೊರೆಯಲ್ಲಿ ಕೆಲವೇ ಇರುತ್ತವೆ. ದಡದ ಮೇಲೆ ಯಾರಾದರೂ ಧಡಧಡ ನಡೆದರೆ ನೆಲದ ಅದುರು ನೀರಿಗೆ ತಲುಪಿ ಮೀನು ಪೊಟರೆಯ ಆಳಕ್ಕೆ ಸೇರುತ್ತದೆ, ಎಷ್ಟೋ ಹೊತ್ತು ಹೊರಗೆ ಬರುವುದಿಲ್ಲ. ದಿನಕ್ಕೆ ಒಬ್ಬರು ಬಂದರೆ ಆ ಮೀನು ತಾಳಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರಂತೆ ಏಳೆಂಟು ಜನ ಬಂದರೆ ತಿನ್ನುವುದನ್ನೇ ಬಿಡುತ್ತದೆ.

ಈಗ ಫೋಟೋದ ವಿಷಯ. ಒಬ್ಬ ಹುಡುಗ ಅಲ್ಲಿ ಆ ಮೀನು ಹಿಡಿದ, ಚಿತ್ರ ತೆಗೆದ, ಮೀನನ್ನು ಬಿಟ್ಟ, ಸಂಜೆ ಚಿತ್ರವನ್ನು ಫೇಸ್‌ಬುಕ್ಕಿಗೆ ಹಾಕಿದ ಎನ್ನಿ. ತೊರೆಯ ಹೆಸರು ಬರೆಯಲಿಲ್ಲ. ಆದರೆ ಅವನ ಭುಜದ ಹಿಂದೆ ಸೇತುವೆಯ ತುಕ್ಕು ಹಿಡಿದ ಕಂಬಿ ಕಾಣುತ್ತದೆ. ಅದರಾಚೆ ಕೆಂಪು ಕೊಟ್ಟಿಗೆ, ಜೋಳದ ಸೈಲೋ, ಒಂದು ಕಡೆ ಮೊಂಡಾದ ಗುಡ್ಡದ ತುದಿ. ಆ ಸೀಮೆ ತಿರುಗಿದವರಿಗೆ ಇಷ್ಟು ಸಾಕು. ಉಪಗ್ರಹ ಚಿತ್ರದ ಜೊತೆ ತಾಳೆ ಹಾಕಿದರೆ ಹೊರಗಿನವರಿಗೂ ಸಾಕು. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಚಿತ್ರದ ಫೈಲಿನೊಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅದನ್ನು ಅಳಿಸಿ ಚಿತ್ರವನ್ನಷ್ಟೇ ತೋರಿಸುತ್ತವೆ ನಿಜ, ಆದರೆ ಅದೇ ಫೈಲನ್ನು ಇಮೇಲಿನಲ್ಲಿ ಯಾರಿಗಾದರೂ ಕಳಿಸಿದರೆ ವಿಳಾಸವೂ ಜೊತೆಗೇ ಹೋಗುತ್ತದೆ. ಹೆಸರು ಹೇಳಲಿಲ್ಲ ಎಂದು ನೆಮ್ಮದಿಯಾಗಿ ಮಲಗಿದ ಹುಡುಗ ಎಲ್ಲವನ್ನೂ ಹೇಳಿಬಿಟ್ಟಿರುತ್ತಾನೆ.

ಇದಕ್ಕೆ ಎದುರು ಪಕ್ಷದವರು ಕೇಳುವ ಪ್ರಶ್ನೆ ಗಟ್ಟಿಯಾದದ್ದು, ಅದನ್ನು ಪೂರ್ತಿ ಕೇಳಬೇಕು. ತೊರೆ ಯಾರಪ್ಪನದು? ವಿಸ್ಕಾನ್ಸಿನ್ ಕಾನೂನಿನ ಪ್ರಕಾರ ದೋಣಿ ತೇಲಬಲ್ಲ ಹೊಳೆಯ ನೀರು ಸಾರ್ವಜನಿಕರದು. ಕಾಲು ನೀರಿನಲ್ಲಿ ಇರುವವರೆಗೆ, ಇಕ್ಕೆಲದ ಜಮೀನು ಯಾರದೇ ಆಗಿರಲಿ, ಯಾರು ಬೇಕಾದರೂ ಗಾಳ ಹಾಕಬಹುದು. ಮೊಂಟಾನಾ ರಾಜ್ಯ 1985ರಲ್ಲಿ ಕಾನೂನು ಮಾಡಿ ನೆರೆ ಬರದ ಕಾಲದಲ್ಲಿ ನೀರು ಮುಟ್ಟುವ ಗೆರೆಯವರೆಗೆ ಎಲ್ಲರಿಗೂ ಹಕ್ಕು ಕೊಟ್ಟಿತು. ಗಾಳದ ಸಾಮಾನು ಕೊಂಡವರೆಲ್ಲ 1950ರ ಒಂದು ಕಾಯಿದೆಯಂತೆ ಬೆಲೆಯ ಜೊತೆಗೆ ಅಬಕಾರಿ ತೆರಿಗೆ ಕಟ್ಟುತ್ತಾರೆ, ಆ ಹಣ ರಾಜ್ಯಗಳ ಮೀನುಗಾರಿಕೆ ಇಲಾಖೆಗಳಿಗೆ ಹೋಗುತ್ತದೆ. ಲೈಸೆನ್ಸಿನ ಹಣ ಬೇರೆ. ಡ್ರಿಫ್ಟ್‌ಲೆಸ್ ಸೀಮೆಯ ತೊರೆಗಳಂತೂ ಸಾರ್ವಜನಿಕ ಹಣದಿಂದಲೇ ಮರುಜೀವ ಪಡೆದವು. ಗುಡ್ಡದ ಇಳಿಜಾರನ್ನು ಅಡ್ಡಾದಿಡ್ಡಿ ಉತ್ತು, ದನ ಮೇಯಿಸಿ, 1930ರ ಹೊತ್ತಿಗೆ ಮಣ್ಣೆಲ್ಲ ಕೊಚ್ಚಿಬಂದು ತೊರೆಗಳು ಕೆಸರಾಗಿದ್ದವು. 1933ರಲ್ಲಿ ಅಲ್ಲಿನ ಕೂನ್ ಕ್ರೀಕ್ ಕಣಿವೆಯಲ್ಲಿ ದೇಶದ ಮೊದಲ ಜಲಾನಯನ ಮಣ್ಣು ಸಂರಕ್ಷಣೆ ಕೆಲಸ ಶುರುವಾಯಿತು. ಕೆಲಸವಿಲ್ಲದ ಯುವಕರನ್ನು ಸರ್ಕಾರ ಕರೆತಂದಿತು, ರೈತರು ಸಮಪಾತಳಿ ಉಳುಮೆಗೆ ಒಪ್ಪಿದರು. ದಶಕಗಳ ಮೇಲೆ ನೀರು ತಿಳಿಯಾಗಿ ಟ್ರೌಟ್ ಮರಳಿತು. ಇಷ್ಟು ಜನರ ಬೆವರಿನಿಂದ ಬಂದ ಮೀನನ್ನು ನಾಲ್ಕು ಜನ ಮುದುಕರು ತಮ್ಮ ಗುಟ್ಟೆಂದು ಕಟ್ಟಿಕೊಳ್ಳಲು ಹೇಗೆ ಸಾಧ್ಯ?

ಇನ್ನೊಂದು ಮಾತು ಇದಕ್ಕಿಂತ ಚುಚ್ಚುವಂಥದ್ದು. ಗುಟ್ಟು ಯಾವಾಗಲೂ ರಕ್ತಸಂಬಂಧದಲ್ಲಿ ಹರಿಯುತ್ತದೆ. ಅಜ್ಜನಿಂದ ಮೊಮ್ಮಗನಿಗೆ, ಮಾವನಿಂದ ಅಳಿಯನಿಗೆ. ಲಾವೋಸಿನಿಂದ ನಿರಾಶ್ರಿತರಾಗಿ ಬಂದು ವಿಸ್ಕಾನ್ಸಿನ್ನಿನಲ್ಲಿ ನೆಲೆಸಿದ ಮೋಂಗ್ ಜನಕ್ಕೆ ಅಲ್ಲಿ ಅಜ್ಜನ ಮಡು ಇಲ್ಲ. ಮಿನಿಯಾಪೊಲಿಸ್ಸಿನಲ್ಲೋ ಮಿಲ್ವಾಕಿಯಲ್ಲೋ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ, ವಾರಾಂತ್ಯದಲ್ಲಿ ಹೊಸದಾಗಿ ಗಾಳ ಕಲಿಯುವ ನಮ್ಮ ದಾವಣಗೆರೆಯ ಹುಡುಗಿಗೂ ಇಲ್ಲ. ಅವಳ ಕೈಲಿರುವುದು ಮೊಬೈಲು ಒಂದೇ. ಅದರಲ್ಲೂ ಯಾರೂ ಏನೂ ಹೇಳಬಾರದು ಎಂದರೆ ಹೊಳೆ ಹಳಬರ ಜಹಗೀರಾಗಿ ಉಳಿಯುತ್ತದೆ. ಈ ಮಾತಿಗೆ ಉತ್ತರ ಕೊಡದೆ ಗುಟ್ಟಿನ ಪರ ವಾದಿಸುವವರನ್ನು ನಾನು ಒಪ್ಪುವುದಿಲ್ಲ.

ಉತ್ತರ ಇದೆ. ಅದು ಸರ್ಕಾರವೇ ಅಚ್ಚು ಹಾಕಿ ಕೊಡುವ ನಕ್ಷೆಯಲ್ಲಿದೆ. ವಿಸ್ಕಾನ್ಸಿನ್ನಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ರಾಜ್ಯದ 13,000 ಮೈಲಿಗೂ ಮೀರಿದ ಟ್ರೌಟ್ ತೊರೆಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿ, ಜಿಲ್ಲೆವಾರು ನಕ್ಷೆ ಮಾಡಿ, ಎಲ್ಲಿ ರೈತನಿಂದ ಸರ್ಕಾರ ದಡದ ಹಕ್ಕು ಕೊಂಡಿದೆ ಎಂಬುದನ್ನೂ ಗುರುತಿಸಿ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತದೆ. ಮೀನು ತಾನಾಗಿಯೇ ಮರಿ ಮಾಡಿಕೊಂಡು ತುಂಬುವಷ್ಟು ಒಳ್ಳೆಯ ತೊರೆ ಒಂದನೇ ದರ್ಜೆ. ಮಿಲ್ವಾಕಿಯ ಹುಡುಗಿ ಇದನ್ನು ತೆರೆದರೆ ಒಂದು ಜನ್ಮಕ್ಕೆ ಸಾಲುವಷ್ಟು ಹೆಸರು ಸಿಗುತ್ತದೆ. ಇಷ್ಟೆಲ್ಲ ಬಹಿರಂಗವಾಗಿದ್ದರೂ ಆ ನಕ್ಷೆಯಿಂದ ಯಾವ ತೊರೆಯೂ ಹಾಳಾಗಲಿಲ್ಲ. ಏಕೆಂದರೆ ನಕ್ಷೆ ಜನರನ್ನು ಸಾವಿರಾರು ಮೈಲಿಗಳ ಮೇಲೆ ಹರಡುತ್ತದೆ. ಅದನ್ನು ನೋಡಿ ಹೊರಟವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ, ನಡೆಯುತ್ತಾರೆ, ಮೂರು ಕಡೆ ಬರಿಗೈಯಾಗಿ ನಾಲ್ಕನೆಯ ಕಡೆ ಕಲಿಯುತ್ತಾರೆ. ಪೋಸ್ಟು ಮಾಡುವುದು ಇದಕ್ಕೆ ತದ್ವಿರುದ್ಧ. ಇದೇ ತಿರುವು, ಇದೇ ವಾರ, ಇಂಥದೇ ಗಾಳ, ಇಷ್ಟು ದೊಡ್ಡ ಮೀನು ಎಂದು ಹೇಳಿ ಎಲ್ಲರನ್ನೂ ಒಂದೇ ಮಡುವಿನ ಮೇಲೆ ತಂದು ನಿಲ್ಲಿಸುತ್ತದೆ. ಜಾಲತಾಣದ ಲೆಕ್ಕಾಚಾರವೂ ಹಾಗೇ ಇದೆ. ಹೆಚ್ಚು ಲೈಕು ಬಂದದ್ದನ್ನು ಇನ್ನಷ್ಟು ಜನಕ್ಕೆ ತೋರಿಸುತ್ತದೆ, ನೆನ್ನೆಯದನ್ನು ಹೂತು ಇಂದಿನದನ್ನು ಎತ್ತುತ್ತದೆ. ಅಂಗೈ ಅಗಲದ ಒಂದು ಜಾಗಕ್ಕೆ ಸಾವಿರ ಕಣ್ಣು ಒಂದೇ ವಾರದಲ್ಲಿ ಬೀಳುವಂಥ ಯಂತ್ರವನ್ನು ಯಾವ ಕಾಲದ ಬಾಯಿಮಾತೂ ಮಾಡಿರಲಿಲ್ಲ.

ಜನ ಬಂದರೆ ಆಗುವ ಹಾನಿ ಏನು ಎಂಬುದನ್ನೂ ಬಿಡಿಸಿ ನೋಡಬೇಕು. ಹಿಡಿದು ಬಿಟ್ಟರಾಯಿತಲ್ಲ, ಮೀನು ಅಲ್ಲೇ ಇರುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಮೀನಿಗಿಂತ ಮೊದಲು ಮೊಟ್ಟೆಯ ಮಾತು ಆಡೋಣ. ಕಂದು ಟ್ರೌಟ್, ಬ್ರೂಕ್ ಟ್ರೌಟ್ ಎರಡೂ ಮೊಟ್ಟೆ ಇಡುವುದು ಶರತ್ಕಾಲದಲ್ಲಿ. ಹೆಣ್ಣು ಮೀನು ಮಗ್ಗುಲಾಗಿ ಬಾಲ ಬಡಿದು ಹರಳುಕಲ್ಲುಗಳ ನಡುವೆ ಗುಳಿ ತೋಡುತ್ತದೆ, ಮೊಟ್ಟೆ ಇಟ್ಟು ಮೇಲಿನ ಹರಿವಿನ ಕಡೆಯ ಕಲ್ಲುಗಳನ್ನು ಸಡಿಲಿಸಿ ಮುಚ್ಚುತ್ತದೆ. ಪಾಚಿ ಹಿಡಿದ ತಳದ ನಡುವೆ ಆ ಜಾಗ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಕಾಣುತ್ತದೆ. ಬಲ್ಲವರು ದೂರದಿಂದಲೇ ಗುರುತಿಸಿ ಸುತ್ತಿ ಹೋಗುತ್ತಾರೆ. ಹೊಸಬರಿಗೆ ಅದೇ ಸಮತಟ್ಟಾದ, ಜಾರದ, ನಿಲ್ಲಲು ಹಿತವಾದ ನೆಲ. ಮೊಟ್ಟೆಗಳು ಚಳಿಗಾಲವಿಡೀ ಆ ಕಲ್ಲಿನ ಸಂದಿಯಲ್ಲಿರುತ್ತವೆ, ಮರಿ ಹೊರಬೀಳುವುದು ವಸಂತದ ಹೊತ್ತಿಗೆ. ವಿಸ್ಕಾನ್ಸಿನ್ನಿನಲ್ಲಿ ಹಿಡಿದು ಬಿಡುವ ಮೊದಲ ಋತು ಶುರುವಾಗುವುದು ಜನವರಿಯಲ್ಲೇ. ಮೊಂಟಾನಾದ ಸಂಶೋಧಕರಿಬ್ಬರು 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಟ್ರೌಟ್ ಮೊಟ್ಟೆ ಹುಗಿದ ಹರಳುಗಲ್ಲಿನ ಮೇಲೆ ಬೂಟುಗಾಲಿನಿಂದ ನಡೆದು ನೋಡಿದರು. ಮೊಟ್ಟೆ ಒಡೆಯುವ ಸ್ವಲ್ಪ ಮೊದಲು ಒಂದೇ ಒಂದು ಸಲ ತುಳಿದಾಗ ಶೇ. 43ರವರೆಗೆ ಸತ್ತವು. ಮೊದಲಿಂದ ಕೊನೆಯವರೆಗೆ ದಿನಕ್ಕೆ ಎರಡು ಸಲ ತುಳಿದಾಗ ಶೇ. 80ಕ್ಕೂ ಹೆಚ್ಚು. ಎರಡು ಮಾರು ಅಗಲದ ತೊರೆಯಲ್ಲಿ ಮೊಟ್ಟೆ ಇಡಲು ತಕ್ಕ ಹರಳುಗಲ್ಲು ಎಷ್ಟಿದ್ದೀತು? ಅದರ ಮೇಲೆ ಒಂದು ಶನಿವಾರ ಎಷ್ಟು ಕಾಲು ಬಿದ್ದೀತು? ಮೀನನ್ನು ಮುಟ್ಟದೆಯೂ ಮುಂದಿನ ವರ್ಷದ ಮೀನನ್ನು ಕೊಲ್ಲಬಹುದು.

ಬೂಟಿನಲ್ಲಿ ಬರುವ ಕೆಸರು ಇನ್ನೊಂದು ಕಥೆ. ನ್ಯೂಜಿಲೆಂಡಿನ ಸಾಸಿವೆಗಾತ್ರದ ಕೆಸರು ಬಸವನಹುಳು 1987ರಲ್ಲಿ ಇಡಾಹೊದ ಸ್ನೇಕ್ ನದಿಯಲ್ಲಿ ಕಂಡಿತು. ಅದಕ್ಕೆ ಗಂಡಿನ ಹಂಗಿಲ್ಲ, ಒಂದೇ ಒಂದು ಹುಳು ಹೊಸ ಹೊಳೆ ತಲುಪಿದರೆ ವಂಶ ಬೆಳೆಸುತ್ತದೆ. ಬೂಟಿನ ಉಣ್ಣೆಯ ಅಡಿಯಲ್ಲಿ ಒದ್ದೆ ಉಳಿದಿದ್ದರೆ ದಿನಗಟ್ಟಲೆ ಬದುಕಿರುತ್ತದೆ. ಹಿಂದೆ ಒಬ್ಬ ಮನುಷ್ಯ ತನ್ನ ಊರಿನ ಹೊಳೆಯಲ್ಲೇ ಇರುತ್ತಿದ್ದ. ಈಗ ಪೋಸ್ಟು ನೋಡಿಕೊಂಡು ಈ ಶನಿವಾರ ಒಂದು ಕಣಿವೆ, ಭಾನುವಾರ ಇನ್ನೊಂದು ಕಣಿವೆ ತಿರುಗುತ್ತಾನೆ, ಬೂಟು ಒಣಗಲು ಬಿಡುವಿಲ್ಲ.

ರೈತನನ್ನು ಮರೆಯಬಾರದು. ಅವನ ಗೇಟಿನ ಮುಂದೆ ಒಂದು ಕಾರು ನಿಂತರೆ ಕೈ ಬೀಸಿ ಹೋಗುತ್ತಾನೆ. ಆರು ಕಾರು ನಿಂತು ಹಾಲಿನ ಲಾರಿಗೆ ದಾರಿ ಇಲ್ಲವಾದರೆ, ಗೇಟು ಹಾಕದೆ ಹೋದದ್ದರಿಂದ ಹಸು ರಸ್ತೆಗೆ ಬಂದರೆ, ಒಳಗೆ ಬರಕೂಡದು ಎಂಬ ಫಲಕ ಬೀಳುತ್ತದೆ. ಅವನ ಬಳಿ ಕೇಳಿ ಅಪ್ಪಣೆ ಪಡೆದು ಇಪ್ಪತ್ತು ವರ್ಷ ಬಂದವರಿಗೂ ಅಲ್ಲಿಗೆ ಬಾಗಿಲು ಮುಚ್ಚಿತು.

ಇಷ್ಟು ಹೇಳಿದ ಮೇಲೆ ಜನಸಂದಣಿಯೇ ಎಲ್ಲ ಕಡೆಯೂ ವಿಷ ಎಂದು ತಿಳಿಯಬಾರದು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ, ಸರೋವರದಿಂದ ಹೊರಬೀಳುವ ಯೆಲ್ಲೋಸ್ಟೋನ್ ನದಿ ಅಗಲವಾದದ್ದು, ತಂಪಾದದ್ದು. ಹಿಡಿದದ್ದನ್ನು ಬಿಡಲೇಬೇಕು ಎಂಬ ನಿಯಮವಿದ್ದ ಅಲ್ಲಿನ ಭಾಗದಲ್ಲಿ 1981ರ ಒಂದು ಋತುವಿನಲ್ಲಿ ಒಂದೊಂದು ಕಟ್‌ತ್ರೋಟ್ ಟ್ರೌಟ್ ಸರಾಸರಿ ಸುಮಾರು ಹತ್ತು ಸಲ ಗಾಳಕ್ಕೆ ಸಿಕ್ಕಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಗಾಳದಿಂದ ಆ ಋತುವಿನಲ್ಲಿ ಸತ್ತದ್ದು ನೂರಕ್ಕೆ ಮೂರರಷ್ಟು. ದೊಡ್ಡ ನದಿ, ತಣ್ಣೀರು, ಬಿಗಿ ನಿಯಮ, ಕಣ್ಣಿಡಲು ಉದ್ಯಾನದ ಸಿಬ್ಬಂದಿ, ಇಷ್ಟಿದ್ದರೆ ಮೀನು ಜನರನ್ನು ತಾಳುತ್ತದೆ. ಅಂಥ ನದಿಯ ಹೆಸರನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಅದು ಎಲ್ಲರಿಗೂ ಗೊತ್ತು. ಅದೇ ದೊಡ್ಡ ನದಿ ಆಗಸ್ಟಿನ ಬಿಸಿಲಲ್ಲಿ ಬೇರೆಯಾಗುತ್ತದೆ. ಮೊಂಟಾನಾದಲ್ಲಿ ನೀರಿನ ಬಿಸಿ ಮೂರು ದಿನ ಸತತ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ಮಧ್ಯರಾತ್ರಿಯವರೆಗೆ ಗಾಳ ನಿಷೇಧ ಮಾಡುತ್ತಾರೆ. ಬಿಸಿನೀರಿನಲ್ಲಿ ಸೆಣಸಿದ ಮೀನನ್ನು ಎಷ್ಟು ನಾಜೂಕಾಗಿ ಬಿಟ್ಟರೂ ಅದು ಸ್ವಲ್ಪ ದೂರ ಹೋಗಿ ಸಾಯಬಹುದು. ಆಗ ಗೆಳೆಯರಿಗೆ ಕೊಡಬೇಕಾದ ಸುದ್ದಿ ಥರ್ಮಾಮೀಟರಿನದು.

ಹೆಸರು ಹೇಳಿ ಎಂದೆನಲ್ಲ, ಅದಕ್ಕೆ ಕಾರಣ ಇದೇ ಮೊಂಟಾನಾದ ಬಿಗ್ ಬ್ಲ್ಯಾಕ್‌ಫುಟ್ ನದಿ. ನಾರ್ಮನ್ ಮೆಕ್ಲೀನ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ತನ್ನ ತಂದೆ, ತಮ್ಮ ಮತ್ತು ಆ ನದಿಯ ಬಗ್ಗೆ ಬರೆದ ಪುಸ್ತಕ ‘ಎ ರಿವರ್ ರನ್ಸ್ ಥ್ರೂ ಇಟ್’ 1976ರಲ್ಲಿ ಬಂತು. ಅದಕ್ಕೆ ಒಂದು ವರ್ಷ ಮೊದಲು ನದಿಯ ಮೂಲದ ಹತ್ತಿರ ಗಣಿಕಸದ ಕಟ್ಟೆಯೊಂದು ಒಡೆದು ವಿಷದ ಲೋಹಗಳು ನೀರಿಗೆ ಸೇರಿದ್ದವು. ರಾಬರ್ಟ್ ರೆಡ್‌ಫೋರ್ಡ್ 1992ರಲ್ಲಿ ಅದನ್ನು ಸಿನಿಮಾ ಮಾಡುವಾಗ ಬ್ಲ್ಯಾಕ್‌ಫುಟ್ ಎಂದು ತೋರಿಸಿದ ನೀರು ಬಹುಮಟ್ಟಿಗೆ ಗ್ಯಾಲಟಿನ್ ಮತ್ತಿತರ ನದಿಗಳದು. ಸಿನಿಮಾ ನೋಡಿದವರು ಅಲೆ ಅಲೆಯಾಗಿ ಗಾಳ ಕೊಂಡರು, ಹೊಳೆಗಳು ತುಂಬಿದವು. ಗೊಣಗಿದವರು ಬಹಳ. ಆದರೆ ಅದೇ ಹೊತ್ತಿಗೆ ಬ್ಲ್ಯಾಕ್‌ಫುಟ್ ಕಣಿವೆಯ ಲಿಂಕನ್ ಎಂಬ ಊರಿನ ಹತ್ತಿರ ಸಯನೈಡ್ ಸುರಿದು ಬಂಗಾರ ತೆಗೆಯುವ ಭಾರಿ ತೆರೆದ ಗಣಿಯೊಂದು ತಯಾರಾಗುತ್ತಿತ್ತು. 1998ರಲ್ಲಿ ಮೊಂಟಾನಾದ ಮತದಾರರು ಅಂಥ ಹೊಸ ಗಣಿಗಳನ್ನು ರಾಜ್ಯದಲ್ಲೇ ಬೇಡವೆಂದು ಮತ ಹಾಕಿದರು. 2004ರಲ್ಲಿ ಆ ನಿಷೇಧ ತೆಗೆಯೋಣವೇ ಎಂದು ಮತ್ತೆ ಕೇಳಿದಾಗಲೂ ಬೇಡವೆಂದರು. ನದಿಯನ್ನು ಯಾರೂ ಅರಿಯದೇ ಇದ್ದಿದ್ದರೆ ಅಷ್ಟು ಜನ ಅದರ ಪರವಾಗಿ ಮತಗಟ್ಟೆಗೆ ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಮೆಕ್ಲೀನ್ ನದಿಯ ಹೆಸರನ್ನು ಲೋಕಕ್ಕೆಲ್ಲ ಕೊಟ್ಟರು. ಅದು ನದಿಗೆ ಕಾವಲಾಯಿತು.

ಪೆನ್ಸಿಲ್ವೇನಿಯದಲ್ಲಿ ಇದೇ ಮಾತು ಕಾನೂನಿನ ರೂಪದಲ್ಲಿದೆ. ಅಲ್ಲಿ ಕಾಡು ಟ್ರೌಟ್ ಇರುವ ತೊರೆ ಎಂದು ದಾಖಲೆಯಾದರೆ ಅದರ ಜವುಗು ನೆಲಕ್ಕೂ ನೀರಿಗೂ ಹೆಚ್ಚಿನ ರಕ್ಷಣೆ ಸಿಗುತ್ತದೆ. ಹತ್ತಿರ ರಸ್ತೆ, ಪೈಪು, ಅನಿಲದ ಬಾವಿ ಮಾಡಬೇಕಾದರೆ ಷರತ್ತು ಬಿಗಿಯಾಗುತ್ತದೆ. ದಾಖಲೆಯಲ್ಲಿಲ್ಲದ ತೊರೆಗೆ ಅದಿಲ್ಲ. 2010ರಿಂದ ಆ ರಾಜ್ಯದ ಮೀನುಗಾರಿಕೆ ಆಯೋಗ ಕಾಲೇಜುಗಳ ನೆರವು ಪಡೆದು ಯಾರೂ ಅಳೆಯದ ತೊರೆಗಳಿಗೆ ಹೋಗಿ ಮೀನು ಎಣಿಸಿ ಪಟ್ಟಿಗೆ ಸೇರಿಸುತ್ತಿದೆ. ಅನಿಲ ಕಂಪನಿಗಳು ಗುಡ್ಡಗಳಿಗೆ ಲಗ್ಗೆ ಇಟ್ಟ ಕಾಲವದು. ತನ್ನ ಮನೆಯ ಹಿಂದಿನ ಗುಪ್ತ ತೊರೆಯ ಬಗ್ಗೆ ಬಾಯಿ ಬಿಡದ ಗಾಳದವನು ಮೀನನ್ನು ಕಾಪಾಡಿದೆ ಎಂದುಕೊಂಡಿದ್ದರೆ, ಕಾಗದದ ಮೇಲೆ ಅಲ್ಲಿ ಮೀನೇ ಇಲ್ಲ. ಆಯೋಗಕ್ಕೆ ಹೇಳುವುದು ಬೇರೆ, ಅಪರಿಚಿತರ ಗುಂಪಿಗೆ ಹೇಳುವುದು ಬೇರೆ. ಕೇಳುವವರು ಯಾರು ಎಂಬುದನ್ನು ಬಿಟ್ಟು, ಹೇಳಬೇಕೋ ಬೇಡವೋ ಎಂದಷ್ಟೇ ವಾದಿಸುತ್ತಾ ಎರಡು ಪಕ್ಷವೂ ಕಾಲ ಕಳೆದಿವೆ.

ಅಪರೂಪದ ಜೀವಿಗಳ ವಿಷಯದಲ್ಲಿ ವಿಜ್ಞಾನಿಗಳೇ ಈ ಪಾಠವನ್ನು ನೋವಿನಿಂದ ಕಲಿತರು. ಚೀನಾದ ಗುಹೆಯ ಹಲ್ಲಿಯೊಂದನ್ನು 1999ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಜಾಗದ ಸಮೇತ ವರ್ಣಿಸಿದ ಮೇಲೆ ಸಾಕುಪ್ರಾಣಿ ವ್ಯಾಪಾರದವರು ಅದನ್ನು ಓದಿಕೊಂಡೇ ಹೋಗಿ ಆ ಜಾಗದಲ್ಲಿ ಒಂದನ್ನೂ ಉಳಿಸಲಿಲ್ಲ. ಈಗ ಐನ್ಯಾಚುರಲಿಸ್ಟ್ ತಾಣದಲ್ಲಿ ಅಪಾಯದಲ್ಲಿರುವ ಜೀವಿಯ ಚಿತ್ರ ಹಾಕಿದರೆ ನಿಖರ ಜಾಗ ಸಾರ್ವಜನಿಕರಿಗೆ ಕಾಣದಂತೆ ತಾನಾಗಿ ಮಸುಕಾಗುತ್ತದೆ. ಕೊಲರಾಡೊದ ಗ್ರೀನ್‌ಬ್ಯಾಕ್ ಕಟ್‌ತ್ರೋಟ್ ಟ್ರೌಟಿನ ಅಚ್ಚ ತಳಿ ಆಗ ಉಳಿದಿದ್ದದ್ದು ಪೈಕ್ಸ್ ಪೀಕ್ ತಪ್ಪಲಿನ ಬೇರ್ ಕ್ರೀಕಿನ ಕೆಲವು ಮೈಲಿಗಳಲ್ಲಿ ಮಾತ್ರ ಎಂದು 2012ರಲ್ಲಿ ವಂಶವಾಹಿ ಪರೀಕ್ಷೆಯಿಂದ ಗೊತ್ತಾಯಿತು. ಆ ಹೆಸರು ಪತ್ರಿಕೆಗಳಲ್ಲಿ ಬಂದಿದೆ, ಅಲ್ಲಿ ಗಾಳ ಹಾಕುವುದಕ್ಕೆ ನಿಷೇಧವಿದೆ, ಮಣ್ಣು ಕೊಚ್ಚಿಬರದಂತೆ ಸವಾರಿ ದಾರಿಗಳನ್ನೂ ಬದಲಿಸಿದ್ದಾರೆ. ಹೆಸರಿನ ಜೊತೆಗೆ ಕಾವಲೂ ಬಂತು.

ಹೇಳುವ ಕಲೆ ಬೇಕೆಂದರೆ ಮಿಷಿಗನ್ನಿನ ಜಾನ್ ವೋಲ್ಕರ್ ಅವರನ್ನು ಓದಬೇಕು. ಆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು, ರಾಬರ್ಟ್ ಟ್ರೇವರ್ ಎಂಬ ಹೆಸರಿನಲ್ಲಿ ಬರೆದ ಕೊಲೆ ಮೊಕದ್ದಮೆಯ ಕಾದಂಬರಿ ಹೆಸರು ಮಾಡಿ 1959ರಲ್ಲಿ ಸಿನಿಮಾ ಆದ ಮೇಲೆ ಹುದ್ದೆ ಬಿಟ್ಟು ಬರೆಯುವುದಕ್ಕೂ ಮೀನು ಹಿಡಿಯುವುದಕ್ಕೂ ಊರಿಗೆ ಮರಳಿದರು. ಫ್ರೆಂಚ್‌ಮನ್ಸ್ ಪಾಂಡ್ ಎಂಬ ತನ್ನ ಕೊಳದ ಬಗ್ಗೆ ಅವರು ಬರೆದದ್ದು ಓದಿದವರಿಗೆ ಅಲ್ಲಿನ ಟ್ರೌಟು, ನೀರು, ಗೆಳೆಯರು ಎಲ್ಲ ಪರಿಚಯವಾಗುತ್ತಾರೆ. ದಾರಿಯೊಂದನ್ನು ಅವರು ಹೇಳಲಿಲ್ಲ. ಓದುಗರಿಗೆ ಏನೂ ಕಡಿಮೆಯಾದಂತೆ ಅನ್ನಿಸಲೂ ಇಲ್ಲ.

ಹಾಗಾದರೆ ಮಿಲ್ವಾಕಿಯ ಹುಡುಗಿಗೆ ಏನು ಹೇಳಬೇಕು? ತುಂಬ ಹೇಳಬೇಕು, ಇದುವರೆಗೆ ಯಾರೂ ಹೇಳದಷ್ಟು. ನಕ್ಷೆ ಎಲ್ಲಿ ಸಿಗುತ್ತದೆ, ದರ್ಜೆ ಎಂದರೇನು, ಪೊಟರೆಯನ್ನು ಗುರುತಿಸುವುದು ಹೇಗೆ, ಹರಿವು ಬಂಡೆಗೆ ಬಡಿದು ಒಡೆಯುವಲ್ಲಿ ಮೀನು ಯಾವ ಮಗ್ಗುಲಿಗೆ ನಿಲ್ಲುತ್ತದೆ, ಮೊಟ್ಟೆಗುಳಿ ಹೇಗೆ ಕಾಣುತ್ತದೆ, ಮೀನನ್ನು ಒದ್ದೆ ಕೈಯಲ್ಲೇ ಏಕೆ ಹಿಡಿಯಬೇಕು, ರೈತನ ಮನೆಯ ಬಾಗಿಲು ತಟ್ಟಿ ಹೇಗೆ ಕೇಳಬೇಕು. ಇದನ್ನು ಕಲಿತವಳಿಗೆ ಯಾರ ಪಿನ್ನೂ ಬೇಡ. ಬಿಡುವಾದಾಗ ಅವಳನ್ನು ಕರೆದುಕೊಂಡು ಹೋಗಬೇಕು. ಜೊತೆಯಲ್ಲಿ ಹೋದವಳು ತೊರೆಯ ಜೊತೆಗೆ ಅಲ್ಲಿ ನಡೆದುಕೊಳ್ಳುವ ರೀತಿಯನ್ನೂ ನೋಡಿ ಕಲಿಯುತ್ತಾಳೆ, ಫೋನಿನ ಪರದೆಯಿಂದ ಅದು ಬರುವುದಿಲ್ಲ. ಚಿತ್ರ ಹಾಕುವ ಆಸೆ ತಪ್ಪಲ್ಲ. ಮೀನನ್ನು ನೀರಿನಿಂದ ಹೆಚ್ಚು ಎತ್ತದೆ ಹತ್ತಿರದಿಂದ ತೆಗೆಯಿರಿ, ಸೇತುವೆ ಗುಡ್ಡ ಬೇಡ, ಹಾಕುವುದನ್ನು ಒಂದೆರಡು ತಿಂಗಳು ತಡ ಮಾಡಿ. ಆದರೆ ಹೊಳೆಗೆ ಕುತ್ತು ಬಂದ ದಿನ, ಗೊಬ್ಬರದ ಕೊಳಚೆ ಹರಿದು ಮೀನು ಬೆಳ್ಳಗೆ ಮಗುಚಿ ತೇಲಿದ ದಿನ, ಹೆಸರು, ಸೇತುವೆ, ಮೈಲಿಗಲ್ಲು ಎಲ್ಲವನ್ನೂ ಹಾಕಿ, ಅಧಿಕಾರಿಗಳನ್ನು ಟ್ಯಾಗ್ ಮಾಡಿ.

ನಮ್ಮ ನಾಡಿನಲ್ಲಿ ಟ್ರೌಟಿನ ಜಾಗದಲ್ಲಿ ಬಿಳಿಮೀನು, ಅಂದರೆ ಮಹಸೀರ್, ಇದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮಡುವಿನಲ್ಲಿ ಬಿಳಿಮೀನು ಇರುವುದು ರಾಜ್ಯಕ್ಕೆಲ್ಲ ಗೊತ್ತು. ಅಲ್ಲಿ ಅದು ದೇವಸ್ಥಾನದ ಮೆಟ್ಟಿಲ ಬಳಿಯ ದೇವರ ಮೀನು, ಭಕ್ತರು ಅಕ್ಕಿ ಹಾಕುತ್ತಾರೆ, ಊರೇ ಕಾಯುತ್ತದೆ. 1996ರಲ್ಲಿ ದುಷ್ಟರು ವಿಷ ಹಾಕಿ ಸಾವಿರಾರು ಮೀನು ಸತ್ತವು, ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಮೀನು ಮತ್ತೆ ತುಂಬಿತು. ಕಾವಲಿರುವ ಮಡುವಿಗೆ ಗುಟ್ಟು ಬೇಕಿಲ್ಲ. ಮೇಕೆದಾಟಿನ ಸುತ್ತಲಿನ ಕಾವೇರಿಯಲ್ಲಿ, ಕಬಿನಿಯಲ್ಲಿ ಅಂಥ ದೇವಸ್ಥಾನದ ಮೆಟ್ಟಿಲಿಲ್ಲ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಿಂದ 120 ಪೌಂಡು ತೂಕದ ಗೂನುಬೆನ್ನಿನ ಬಿಳಿಮೀನು ಎತ್ತಿದ್ದರು. ಇಂದು ಆ ತಳಿ ಎಲ್ಲಿದೆ ಎಂದು ಹುಡುಕಬೇಕು. ಅಂಥದ್ದೊಂದು ಕಂಡರೆ ವಾಟ್ಸ್‌ಆ್ಯಪ್ ಗುಂಪಿಗೆ ಮಡುವಿನ ಪಿನ್ ಕಳಿಸುವುದು ಸಿಡಿಮದ್ದು ಹಾಕುವವನಿಗೆ ದಾರಿ ತೋರಿಸಿದಂತೆ.

ಕಳಿಸಬೇಕಾದ ಜಾಗ ಬೇರೆ ಇದೆ ಎಂಬುದಕ್ಕೆ ನಮ್ಮಲ್ಲೇ ಪುರಾವೆ ಇದೆ. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ ಹಿಡಿದ ಮೀನನ್ನು ಬಿಡುವ ನಿಯಮವಿತ್ತು. ಅಲ್ಲಿಗೆ ಬಂದ ಗಾಳದವರು ಹಿಡಿದ ಮೀನುಗಳ ದಾಖಲೆ 1998ರಿಂದ 2012ರವರೆಗೆ ಉಳಿದಿತ್ತು. ಶಿಬಿರವಿದ್ದ ವನ್ಯಧಾಮದಲ್ಲಿ ಗಾಳ ನಿಂತ ಮೇಲೆ ಆ ದಾಖಲೆಗಳು ವಿಜ್ಞಾನಿಗಳ ಕೈ ಸೇರಿದವು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಬಿಳಿಮೀನು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ, ಕಾವೇರಿಯದೇ ಆದ ಗೂನುಬೆನ್ನಿನದು ಕರಗುತ್ತ ಬಂದದ್ದು ಅವರಿಗೆ ಮೊದಲ ಸಲ ಅಂಕಿಗಳಲ್ಲಿ ಕಂಡಿತು, 2015ರಲ್ಲಿ ಅದನ್ನು ಪ್ರಕಟಿಸಿದರು. 2018ರಲ್ಲಿ ಆ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಗಟ್ಟಿಯಾಯಿತು, ಅಳಿವಿನ ಅಂಚಿನ ಜೀವಿಗಳ ಕೆಂಪುಪಟ್ಟಿಗೂ ಅದು ಸೇರಿತು.